ಹಾಸಿಗೆ ಹಿಡಿದವರ ಊಟ ಮತ್ತು ತೂಕ: ಮೊದಲು ಏನು ಮಾಡಬೇಕು, ಆಮೇಲೆ ಏನು

ತಿಂಗಳಿಗೆ ಒಂದಾದರೂ ಫೋನ್ ಬರುತ್ತದೆ. ಮುಲುಂಡ್‌ನಿಂದಲೋ, ವಸಾಯಿಯಿಂದಲೋ, ಇಲ್ಲೇ ಡೊಂಬಿವಲಿಯ ಪಕ್ಕದ ಬಿಲ್ಡಿಂಗ್‌ನಿಂದಲೋ. "ಅಕ್ಕಾ, ಅಪ್ಪ ಬಾತ್‌ರೂಮಲ್ಲಿ ಜಾರಿ ಬಿದ್ರು. ಸೊಂಟದ ಮೂಳೆ ಬಿರುಕು ಬಿಟ್ಟಿದೆ, ಆರು ವಾರ ಮಲಗಬೇಕಂತೆ. ಶಕ್ತಿ ಬರೋಕೆ ಏನು ಕೊಡಲಿ?" ನಾನು ಮುಂಬೈಯ ಒಂದು ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಡಯಟೀಶಿಯನ್ ಆಗಿದ್ದವಳು, ಗೊತ್ತಿದ್ದದ್ದು ಹೇಳುತ್ತೇನೆ. ಎರಡು ತಿಂಗಳ ನಂತರ ಮತ್ತೆ ಅದೇ ನಂಬರಿನಿಂದ ಫೋನ್. ಒಂದೋ "ತೂಕ ಏರಿಬಿಟ್ಟಿದೆ, ನಿಲ್ಲಿಸೋಕೇ ಆಗ್ತಿಲ್ಲ", ಇಲ್ಲವೇ "ಬಾಯಿಗೆ ಏನೂ ಇಡಲ್ಲ, ಮೂಳೆ ಚಕ್ಕಳ ಆಗಿದ್ದಾರೆ".

ಎರಡೂ ಮನೆಗಳಲ್ಲಿ ನಡೆಯುವ ತಪ್ಪು ಒಂದೇ. 'ಏನು ಕೊಡಲಿ' ಎನ್ನುವುದು ಆರನೇ ಹಂತದ ಪ್ರಶ್ನೆ. ಎಲ್ಲರೂ ಅದರಿಂದಲೇ ಶುರು ಮಾಡುತ್ತಾರೆ. ಮೊದಲ ಐದು ಹಂತ ಬಿಟ್ಟರೆ ಬಾದಾಮಿಯೂ ಕೆಲಸ ಮಾಡಲ್ಲ, ಡಬ್ಬಿ ಪೌಡರೂ ಕೆಲಸ ಮಾಡಲ್ಲ. ಅದಕ್ಕೇ ಕ್ರಮವಾಗಿ ಬರೆದಿದ್ದೇನೆ. ದಯವಿಟ್ಟು ಹಾರಿಸಬೇಡಿ.

1. 'ಬೆಡ್‌ರೆಸ್ಟ್' ಅಂದರೆ ಎಷ್ಟು ಅಂತ ಕೇಳಿಕೊಳ್ಳಿ

ಡಾಕ್ಟರ್ ಹೇಳುವುದು "ಆ ಕಾಲಿನ ಮೇಲೆ ಭಾರ ಹಾಕಬೇಡಿ" ಎಂದು. ಮನೆಗೆ ಬರುವಷ್ಟರಲ್ಲಿ ಅದು "ಅಲ್ಲಾಡಲೇ ಕೂಡದು" ಆಗಿರುತ್ತದೆ. ಎಷ್ಟೋ ಜನ ಕುರ್ಚಿಯಲ್ಲಿ ಕೂರಬಹುದಾಗಿದ್ದರೂ ತಿಂಗಳುಗಟ್ಟಲೆ ಅಂಗಾತ ಮಲಗಿರುತ್ತಾರೆ.

ಡಿಸ್ಚಾರ್ಜ್ ದಿನವೇ ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೇಳಿ. ಬೆನ್ನು ಎತ್ತಿ ಕೂರಬಹುದಾ, ಎಷ್ಟು ಡಿಗ್ರಿ, ಎಷ್ಟು ಹೊತ್ತು? ಊಟಕ್ಕೆ ಕುರ್ಚಿಗೆ ಇಳಿಸಬಹುದಾ? ಯಾವ ವ್ಯಾಯಾಮಕ್ಕೆ ಒಪ್ಪಿಗೆ ಇದೆ? ಕಿಡ್ನಿ, ಹೃದಯ, ಶುಗರ್ ನೋಡಿದರೆ ನೀರಿಗೆ, ಪ್ರೋಟೀನ್‌ಗೆ ಮಿತಿ ಏನಾದರೂ ಇದೆಯಾ? ಈ ಕೊನೆಯ ಪ್ರಶ್ನೆಗೆ ಉತ್ತರ ಸಿಗದೆ ಮುಂದಿನ ಹಂತಗಳ ಲೆಕ್ಕ ಹಾಕಬೇಡಿ.

2. ಸಾಮಾನು ಮೊದಲೇ ಜೋಡಿಸಿಕೊಳ್ಳಿ

ತಲೆಭಾಗ ಎತ್ತುವ ಹಾಸಿಗೆ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ. ಕೊಳ್ಳುವ ಅಗತ್ಯವಿಲ್ಲ. ಮುಂಬೈ, ಠಾಣೆ, ಪುಣೆ ಕಡೆ 'ರುಗ್ಣ ಸಾಹಿತ್ಯ ಕೇಂದ್ರ' ಎಂಬ ಮರಾಠಿ ಬೋರ್ಡ್ ನೋಡಿರುತ್ತೀರಿ. ನಮ್ಮವರು ಎಷ್ಟೋ ಜನ ಅದನ್ನು ಪುಸ್ತಕದಂಗಡಿ ಅಂದುಕೊಂಡು ಮುಂದೆ ಹೋಗುತ್ತಾರೆ! ಮರಾಠಿಯಲ್ಲಿ ಸಾಹಿತ್ಯ ಅಂದರೆ ಸಾಮಾನು. ಮಂಚ, ವೀಲ್‌ಚೇರ್, ಕಮೋಡ್ ಕುರ್ಚಿ, ಗಾಳಿ ಹಾಸಿಗೆ ಅಲ್ಲಿ ಡೆಪಾಸಿಟ್ ಇಟ್ಟು ಕಡಿಮೆ ಬಾಡಿಗೆಗೆ ತರಬಹುದು.

ಉಳಿದದ್ದು ಮನೆಯಲ್ಲೇ ಇರುತ್ತದೆ. ಟೈಲರ್ ಟೇಪು, ಅಡುಗೆಮನೆಯ ಸಣ್ಣ ತಕ್ಕಡಿ, ಒಂದೇ ಅಳತೆಯ ಎರಡು ಬಟ್ಟಲು, ಗೆರೆ ಹಾಕಿದ ನೀರಿನ ಬಾಟ್ಲಿ, ಬಗ್ಗುವ ಸ್ಟ್ರಾ, ಒಂದು ನೂರು ಪುಟದ ನೋಟ್‌ಬುಕ್ಕು, ಕರೆಯಲು ಒಂದು ಗಂಟೆ. ಮತ್ತೆ, ಹಲ್ಲು ಸೆಟ್! ಆಸ್ಪತ್ರೆಯಲ್ಲಿ ತೆಗೆಸಿ ಚೀಲಕ್ಕೆ ಹಾಕಿದ್ದು ಅಲ್ಲೇ ಉಳಿದಿರುತ್ತದೆ. ಮನೆಯವರು ಮೂರು ವಾರ "ಚಪಾತಿ ಬೇಡ ಅಂತಾರೆ" ಎಂದು ಗೊಣಗುತ್ತಿರುತ್ತಾರೆ.

3. ಅಳತೆ ತೆಗೆಯಿರಿ, ತೂಕವನ್ನು ಮಾತ್ರ ನಂಬಬೇಡಿ

ಈ ಹಂತದಲ್ಲಿ ನಾನೇ ಎಡವಿದ್ದೇನೆ, ಡಯಟೀಶಿಯನ್ ಆಗಿದ್ದೂ. ಮಳೆಗಾಲದಲ್ಲಿ ಸ್ಟೇಷನ್ ಮೆಟ್ಟಿಲಲ್ಲಿ ಜಾರಿ ಎಡಗಾಲು ಮುರಿದುಕೊಂಡೆ. ಆರು ವಾರ ಪ್ಲಾಸ್ಟರ್. ಪ್ಲಾಸ್ಟರ್ ತೆಗೆದ ದಿನ ತೂಕ ನೋಡಿದರೆ ಬೀಳುವ ಮುಂಚೆ ಎಷ್ಟಿತ್ತೋ ಅಷ್ಟೇ. ಭಾರೀ ಖುಷಿಪಟ್ಟೆ. ಫಿಸಿಯೋ ಟೇಪು ಹಿಡಿದು ಎರಡೂ ತೊಡೆ ಅಳೆದಳು. ಎಡತೊಡೆ ನಾಲ್ಕು ಸೆಂಟಿಮೀಟರ್ ಸಣ್ಣ. ತೊಡೆಯಲ್ಲಿ ಕರಗಿದ ಸ್ನಾಯುವಿನಷ್ಟೇ ಕೊಬ್ಬು ಹೊಟ್ಟೆಯಲ್ಲಿ ಕೂತಿತ್ತು. ತಕ್ಕಡಿಗೆ ಎರಡೂ ಒಂದೇ, ಅದಕ್ಕೇನು ಗೊತ್ತಾಗುತ್ತದೆ?

ಮಲಗಿದ ದೇಹದಲ್ಲಿ ಸ್ನಾಯು ಎಷ್ಟು ಬೇಗ ಹೋಗುತ್ತದೆ ಎಂದು ಕೇಳಿದರೆ ಜನ ನಂಬಲ್ಲ. 2007ರಲ್ಲಿ ಪ್ರಕಟವಾದ ಒಂದು ಅಮೆರಿಕದ ಅಧ್ಯಯನದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನು ಬರೀ 10 ದಿನ ಮಲಗಿಸಿದ್ದರು. ಊಟ ಸರಿಯಾಗಿಯೇ ಇತ್ತು, ಪ್ರೋಟೀನ್ ಕೂಡ ಆಗಿನ ಶಿಫಾರಸಿನಷ್ಟು ಇತ್ತು. ಆದರೂ ಕಾಲುಗಳಿಂದಲೇ ಹೆಚ್ಚುಕಡಿಮೆ 1 ಕೆಜಿ ಸ್ನಾಯು ಹೋಯಿತು. ಅವರಿಗೆ ಕಾಯಿಲೆ ಇರಲಿಲ್ಲ. ನಮ್ಮ ಮನೆಯವರಿಗೆ ಕಾಯಿಲೆ, ನೋವು, ಜ್ವರ ಎಲ್ಲಾ ಇರುತ್ತದೆ.

ಹಾಗಾಗಿ ಮೊದಲ ದಿನವೇ ಮೀನಖಂಡದ ದಪ್ಪ ಜಾಗ, ಮಂಡಿಯಿಂದ ಒಂದು ಗೇಣು ಮೇಲಿನ ತೊಡೆ, ಭುಜ ಮತ್ತು ಮೊಣಕೈ ನಡುವಿನ ತೋಳು, ಹೊಕ್ಕುಳ ಮಟ್ಟದ ಹೊಟ್ಟೆ ಅಳೆಯಿರಿ. ಪೆನ್ನಿಂದ ಸಣ್ಣ ಚುಕ್ಕೆ ಇಟ್ಟರೆ ಮುಂದಿನ ವಾರವೂ ಅದೇ ಜಾಗ ಸಿಗುತ್ತದೆ. ಪ್ಲಾಸ್ಟರ್ ಇರುವ ಕಾಲು ಬಿಡಿ, ಇನ್ನೊಂದು ಕಾಲು ಅಳೆಯಿರಿ. ವಾರಕ್ಕೊಮ್ಮೆ, ಪ್ರತಿ ಸಲ ಅದೇ ದಿನ, ಬೆಳಿಗ್ಗೆ. ಅಳೆಯುವವರೂ ಒಬ್ಬರೇ ಇರಲಿ.

ಓದುವುದು ಹೀಗೆ. ಹೊಟ್ಟೆ ಏರಿ ತೊಡೆ ಇಳಿದರೆ ಅನ್ನ, ತುಪ್ಪ ಜಾಸ್ತಿಯಾಗಿದೆ, ಪ್ರೋಟೀನ್ ಮತ್ತು ವ್ಯಾಯಾಮ ಸಾಲುತ್ತಿಲ್ಲ. ಎಲ್ಲವೂ ಇಳಿಯುತ್ತಿದ್ದರೆ ಊಟವೇ ಸಾಲುತ್ತಿಲ್ಲ. ಮೀನಖಂಡ ಏಕಾಏಕಿ ಏರಿದರೆ 'ಮೈ ಹಿಡಿಯಿತು' ಎಂದು ಸಂತೋಷಪಡಬೇಡಿ. ಬೆರಳಿಂದ ಒತ್ತಿ ನೋಡಿ, ಗುಳಿ ಬಿದ್ದರೆ ಅದು ನೀರು.

ತೂಕ ಸಾಧ್ಯವಿದ್ದರೆ ನೋಡಿ. ಫಾಲೋಅಪ್‌ಗೆ ಹೋದಾಗ ವೀಲ್‌ಚೇರ್ ಸಮೇತ ತೂಗುವ ಮಷೀನ್ ಇದೆಯಾ ಎಂದು ಕೇಳಿ. ಖಾಲಿ ಕುರ್ಚಿಯ ತೂಕ ಕಳೆಯಲು ಮರೆಯಬೇಡಿ, ಪ್ಲಾಸ್ಟರಿಗೂ ತೂಕ ಇದೆ. ಬೇಕೆಂದು ಇಳಿಸದೆಯೇ ಒಂದು ತಿಂಗಳಲ್ಲಿ ತೂಕದ ನೂರಕ್ಕೆ 5 ಭಾಗ ಇಳಿದರೆ, ಅಂದರೆ 60 ಕೆಜಿಯವರು 57ಕ್ಕೆ ಬಂದರೆ, ಡಾಕ್ಟರಿಗೆ ಹೇಳಲೇಬೇಕು.

4. ಹೊಟ್ಟೆ ಖಾಲಿಯಾಗುವ ವ್ಯವಸ್ಥೆ ಮಾಡಿ

ಊಟದ ಬರಹದಲ್ಲಿ ಸಂಡಾಸಿನ ಮಾತು ಯಾಕೆ ಅನ್ನಬೇಡಿ. ಹಸಿವು ಸತ್ತಿದೆ ಎನ್ನುವ ಮನೆಗಳಲ್ಲಿ ಜಾಸ್ತಿ ಸಲ ಕಾರಣ ಇದೇ. ಮಲಗಿದಾಗ ಕರುಳು ನಿಧಾನವಾಗುತ್ತದೆ. ಟ್ರಮಡಾಲ್‌ನಂಥ ನೋವಿನ ಮಾತ್ರೆ, ಕಬ್ಬಿಣದ ಮಾತ್ರೆ ಇನ್ನಷ್ಟು ಕಟ್ಟಿಹಾಕುತ್ತವೆ.

ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳಲ್ಲ. ನನ್ನ ಅತ್ತೆ ಮಲಗಿದ್ದಾಗ ಬೆಳಿಗ್ಗೆಯಿಂದ ನೀರು ಬೇಡ, ಕಾಫಿ ಬೇಡ, ಇಡ್ಲಿ ಅರ್ಧ ಸಾಕು ಎನ್ನುತ್ತಿದ್ದರು. ಬಾಯಿರುಚಿ ಇಲ್ಲ ಅಂದುಕೊಂಡಿದ್ದೆವು. ಸಂಜೆ ನಾನು ಮನೆಗೆ ಬಂದ ಮೇಲೆ ಎರಡು ಲೋಟ ನೀರು ಗಟಗಟ ಕುಡಿಯುತ್ತಿದ್ದರು. ಆಮೇಲೆ ಗೊತ್ತಾಯಿತು, ಹಗಲು ಮನೆಯಲ್ಲಿ ಇರುತ್ತಿದ್ದುದು ಮಗ. ಮಗನ ಹತ್ತಿರ ಬೆಡ್‌ಪ್ಯಾನ್ ಕೇಳುವುದು ಹೇಗೆ? ಅದಕ್ಕೇ ತಿನ್ನುವುದೇ ಬೇಡ ಎಂದು ನಿರ್ಧರಿಸಿದ್ದರು. ಹಗಲಿಗೆ ಒಬ್ಬ ಮಾವಶಿಯನ್ನು, ಅಂದರೆ ರೋಗಿ ನೋಡಿಕೊಳ್ಳುವ ಹೆಂಗಸನ್ನು, ಗೊತ್ತು ಮಾಡಿದ ವಾರವೇ ಊಟ ಎರಡರಷ್ಟಾಯಿತು. ಯಾವ ಟಾನಿಕ್ಕೂ ಇಷ್ಟು ಮಾಡಿರಲಿಲ್ಲ.

ಆದ್ದರಿಂದ ಬೆಡ್‌ಪ್ಯಾನ್ ಅಥವಾ ಕಮೋಡ್ ಕುರ್ಚಿ ಕೊಡುವುದು ಯಾರು, ಯಾವಾಗ ಎನ್ನುವುದು ಮೊದಲು ತೀರ್ಮಾನವಾಗಲಿ. ಬೆಳಗಿನ ತಿಂಡಿಯಾದ ಅರ್ಧ ಗಂಟೆಗೆ ಒಮ್ಮೆ ಕೂರಿಸಿ. ಬಾಗಿಲು ಎಳೆದುಕೊಂಡು ಹೊರಗೆ ಬನ್ನಿ. ಒಂದೇ ಕೋಣೆಯ ಮನೆಯಾದರೆ ಪರದೆ ಕಟ್ಟಿ.

ನೀರು ದಿನಕ್ಕೆ ಒಂದೂವರೆ ಲೀಟರ್ ಹತ್ತಿರ ಹೋಗಲಿ, ಡಾಕ್ಟರ್ ಮಿತಿ ಹಾಕಿಲ್ಲ ಅಂದರೆ. ಮಜ್ಜಿಗೆ, ತಿಳಿಸಾರು ಎಲ್ಲಾ ಲೆಕ್ಕಕ್ಕೆ ಬರುತ್ತದೆ. ನಾರಿಗೆ ಬಸಳೆ, ಹರಿವೆ, ಪಪ್ಪಾಯಿ, ಪೇರಳೆ, ಸಿಪ್ಪೆ ಇರುವ ಕಾಳು. ನೀರು ಕುಡಿಯದವರಿಗೆ ಇಸಬ್‌ಗೋಲ್ ಕೊಟ್ಟರೆ ಅದೇ ಗಟ್ಟಿಯಾಗಿ ಕೂತು ಇನ್ನೂ ಕಷ್ಟ.

ಇಲ್ಲಿ ಮೋಸಹೋಗುವ ಒಂದು ಜಾಗ ಇದೆ. ನಾಲ್ಕು ದಿನ ಏನೂ ಇಲ್ಲದೆ ಐದನೇ ದಿನ ಸ್ವಲ್ಪ ಸ್ವಲ್ಪ ನೀರಾಗಿ ಬಂದರೆ ಭೇದಿ ಎಂದು ಮಾತ್ರೆ ಕೊಡಬೇಡಿ. ಒಳಗೆ ಗಟ್ಟಿ ಮಲ ಸಿಕ್ಕಿಕೊಂಡು ಅದರ ಪಕ್ಕದಿಂದ ಸೋರುತ್ತಿರಬಹುದು. ಅದನ್ನು ಡಾಕ್ಟರೇ ನೋಡಬೇಕು.

5. ಕೂರಿಸಿ ಉಣಿಸಿ

ಒಪ್ಪಿಗೆ ಇರುವಷ್ಟು ಬೆನ್ನು ಎತ್ತಿ. ನೇರ ಕೂತಷ್ಟೂ ಒಳ್ಳೆಯದು. ಗದ್ದ ಸ್ವಲ್ಪ ಕೆಳಗಿರಲಿ. ಉಣಿಸುವವರು ನಿಂತು ಉಣಿಸಿದರೆ ರೋಗಿ ಕತ್ತು ಮೇಲೆತ್ತುತ್ತಾರೆ, ನೆತ್ತಿಗೆ ಹತ್ತುವುದು ಆಗಲೇ. ನೀವೂ ಸ್ಟೂಲ್ ಹಾಕಿ ಕೂತುಕೊಳ್ಳಿ. ಊಟದ ನಂತರ ಅರ್ಧ ಗಂಟೆ ಮಲಗಿಸಬೇಡಿ.

ಉಣ್ಣುವಾಗ ಕೆಮ್ಮು, ಆಮೇಲೆ ಗಂಟಲಲ್ಲಿ ಗುಳುಗುಳು ದನಿ, ನೀರು ಕುಡಿದರೆ ಮಾತ್ರ ಕೆಮ್ಮು: ಇವು ಆಹಾರ ಶ್ವಾಸಕೋಶದ ಕಡೆ ಹೋಗುತ್ತಿರುವ ಗುರುತು. ಪಾರ್ಶ್ವವಾಯು ಆದವರಲ್ಲಿ ಇದು ಜಾಸ್ತಿ. ಉಣಿಸುವುದನ್ನು ನಿಲ್ಲಿಸಿ ಆಸ್ಪತ್ರೆಗೆ ಫೋನ್ ಮಾಡಿ. ನಿದ್ದೆಗಣ್ಣಿನಲ್ಲಿ ಇರುವವರ ಬಾಯಿಗೆ ಗಂಜಿ ಸುರಿಯುವುದಂತೂ ಬೇಡವೇ ಬೇಡ.

6. ತಟ್ಟೆಯಲ್ಲಿ ಮೊದಲು ಪ್ರೋಟೀನ್

ಈಗ ಬಂತು ನಿಮ್ಮ ಪ್ರಶ್ನೆ. ಕಿಡ್ನಿ ತೊಂದರೆ ಇಲ್ಲದ ಹಿರಿಯರು ಹಾಸಿಗೆ ಹಿಡಿದಾಗ ಪ್ರತಿ ಕೆಜಿ ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 60 ಕೆಜಿಯವರಿಗೆ ದಿನಕ್ಕೆ 72 ಗ್ರಾಂ ಎಂದು ಇಟ್ಟುಕೊಳ್ಳಿ. ನಮ್ಮ 'ರೋಗಿ ಊಟ' ಅಂದರೆ ಗಂಜಿ, ತಿಳಿಸಾರು, ಸಾಬಕ್ಕಿ, ಎಳನೀರು, ಬ್ರೆಡ್ ಚಹಾ. ದಿನವಿಡೀ ಇದನ್ನೇ ಕೊಟ್ಟರೆ 20 ಗ್ರಾಂ ದಾಟುವುದೂ ಕಷ್ಟ. ಸಾಬಕ್ಕಿಯಲ್ಲಿ ಪ್ರೋಟೀನ್ ಇಲ್ಲವೇ ಇಲ್ಲ ಅನ್ನಬಹುದು.

ಶುದ್ಧ ಸಸ್ಯಾಹಾರಿ ಮನೆಯ ಒಂದು ದಿನ ಹೀಗಿರಬಹುದು. ಬೆಳಿಗ್ಗೆ 50 ಗ್ರಾಂ ಹೆಸರುಬೇಳೆ ನೆನೆಸಿ ರುಬ್ಬಿದ ದೋಸೆ, ಒಂದು ಲೋಟ ಹಾಲು, ಅಲ್ಲಿಗೆ 18 ಗ್ರಾಂ. ಮಧ್ಯಾಹ್ನ ಸ್ವಲ್ಪ ಅನ್ನ, 40 ಗ್ರಾಂ ಬೇಳೆಯ ಗಟ್ಟಿ ತೊವ್ವೆ, 60 ಗ್ರಾಂ ಪನೀರ್ ಪಲ್ಯ, ಒಂದು ಬಟ್ಟಲು ಮೊಸರು, ಸೇರಿ 25. ಸಂಜೆ ಒಂದು ಹಿಡಿ ಹುರಿಗಡಲೆ, ಹಲ್ಲಿಲ್ಲದಿದ್ದರೆ ಪುಡಿ ಮಾಡಿ ಮಜ್ಜಿಗೆಗೆ ಕಲಸಿ, 6. ರಾತ್ರಿ ಎರಡು ಸಣ್ಣ ಚಪಾತಿ, ಮೊಳಕೆ ಹೆಸರುಕಾಳಿನ ಗಸಿ, ಮತ್ತೊಂದು ಲೋಟ ಹಾಲು, 20. ಒಟ್ಟು 70ರ ಹತ್ತಿರ ಬಂತು ನೋಡಿ. ಡಬ್ಬಿ ಪೌಡರ್ ಎಲ್ಲೂ ಬರಲಿಲ್ಲ.

ಮೀನು ತಿನ್ನುವವರಿಗೆ ಇನ್ನೂ ಸುಲಭ. 100 ಗ್ರಾಂ ಬಂಗುಡೆ ಮಾಂಸದಲ್ಲಿ ಹತ್ತಿರ ಹತ್ತಿರ 20 ಗ್ರಾಂ, ಒಂದು ಮೊಟ್ಟೆಯಲ್ಲಿ 6. ಮುಳ್ಳು ತೆಗೆದು ಕೊಡಿ. ಮಲಗಿರುವವರು ಮುಳ್ಳಿಗೆ ಹೆದರಿ ಸಾರು ಮಾತ್ರ ಕಲಸಿಕೊಂಡು ತಿನ್ನುತ್ತಾರೆ, ಮೀನು ತಟ್ಟೆಯಲ್ಲೇ ಉಳಿಯುತ್ತದೆ.

ಪ್ರೋಟೀನನ್ನೆಲ್ಲಾ ರಾತ್ರಿ ಒಂದೇ ಸಲ ಕೊಡಬೇಡಿ, ಮೂರು ಹೊತ್ತಿಗೂ ಹಂಚಿ. ತಟ್ಟೆ ಇಟ್ಟಾಗ ಮೊದಲ ಐದು ತುತ್ತು ಪನೀರ್, ಮೊಟ್ಟೆ ಅಥವಾ ಮೀನು ಇರಲಿ, ಅನ್ನ ಆಮೇಲೆ. ಆರು ತುತ್ತಿಗೆ ಸಾಕು ಎನ್ನುವವರಿಗೆ ಆ ಆರು ತುತ್ತು ಯಾವುದು ಎನ್ನುವುದೇ ಮುಖ್ಯ. ಸಾರಿನ ತಿಳಿ ಬಡಿಸಿ "ಬೇಳೆ ಕೊಟ್ಟೆ" ಎಂದು ಬರೆಯುವ ಹಾಗಿಲ್ಲ. ಬೇಳೆ ತಳದಲ್ಲಿರುತ್ತದೆ, ಸೌಟು ಅಲ್ಲಿಗೆ ಹೋಗಬೇಕು.

ನೋಟ್‌ಬುಕ್ಕಿನಲ್ಲಿ ಬಡಿಸಿದ್ದನ್ನು ಬರೆಯಬೇಡಿ, ತಿಂದದ್ದನ್ನು ಬರೆಯಿರಿ. ನೋಡಿಕೊಳ್ಳುವವರನ್ನು ಕೇಳಿದರೆ "ಜೇವ್ಲೆ, ಸಗ್ಳ ಜೇವ್ಲೆ", ಉಂಡರು, ಎಲ್ಲಾ ಉಂಡರು, ಎಂದು ಮರಾಠಿಯಲ್ಲಿ ಅಂದುಬಿಡುತ್ತಾರೆ. ತಟ್ಟೆ ತೊಳೆಯುವ ಮುಂಚೆ ಒಂದು ಫೋಟೋ ಕಳಿಸಿ ಅನ್ನಿ, ಆಫೀಸಲ್ಲಿ ಕೂತವರಿಗೂ ನಿಜ ಗೊತ್ತಾಗುತ್ತದೆ.

7. ಈಗ ತೂಕದ ಲೆಕ್ಕ: ಕಡಿಮೆ ಮಾಡುವುದಾ, ಜಾಸ್ತಿ ಮಾಡುವುದಾ?

ಮೂರನೇ ಹಂತದ ಟೇಪು ಹೇಳಿದ ಹಾಗೆ ನಡೆಯಿರಿ.

ಹೊಟ್ಟೆ ಏರುತ್ತಿದ್ದರೆ: ಓಡಾಡುವ ಖರ್ಚು ನಿಂತಿದೆ, ಆದರೆ ಹಸಿವಿಗೆ ಆ ಸುದ್ದಿ ತಲುಪಿಲ್ಲ. ಬೇಸರಕ್ಕೆ ತಿನ್ನುವುದು ಬೇರೆ. ಟಿವಿ ಮುಂದೆ ಫರ್ಸಾಣ್ ಡಬ್ಬಿ, ನಾಲ್ಕು ಗಂಟೆಗೆ ಖಾರಿ ಮತ್ತು ಚಹಾ, ನೋಡಲು ಬಂದವರು ತಂದ ಮಿಠಾಯಿ. ದಿನಕ್ಕೆ 250 ಕ್ಯಾಲೊರಿ ಹೆಚ್ಚಾದರೆ ತಿಂಗಳಿಗೆ ಒಂದು ಕೆಜಿ ಕೊಬ್ಬು. ಪಕ್ಕದ ಮನೆ ಕಾಕು ಪ್ರೀತಿಯಿಂದ ಡಬ್ಬಿ ತುಂಬ ಡಿಂಕಾಚೆ ಲಾಡು, ನಮ್ಮ ಅಂಟಿನುಂಡೆ, ತಂದುಕೊಡುತ್ತಾರೆ. ಮೂಳೆ ಕೂಡಿಕೊಳ್ಳಲಿ ಎಂದು. ಒಂದರಲ್ಲೇ 200 ಕ್ಯಾಲೊರಿ ಹತ್ತಿರ ಇರುತ್ತದೆ, ನಾನು ದಿನಕ್ಕೆ ಎರಡು ತಿನ್ನುತ್ತಿದ್ದೆ. ಕೊಬ್ಬು ಏರುವಷ್ಟು ತಿಂದರೆ ಸ್ನಾಯುವಾದರೂ ಉಳಿಯುತ್ತದೆ ಎನ್ನುವುದು ಸುಳ್ಳು. ಮಲಗಿದ ದೇಹದಲ್ಲಿ ಹೆಚ್ಚಿನ ಊಟ ಸ್ನಾಯು ಕರಗುವುದನ್ನು ಇನ್ನೂ ಬೇಗ ಮಾಡುತ್ತದೆ ಎಂದು ಐದು ವಾರ ಮಲಗಿಸಿ ನೋಡಿದ ಪ್ರಯೋಗದಲ್ಲಿ ಕಂಡಿದೆ.

ಕೆಜಿಗೆ 25 ಕ್ಯಾಲೊರಿಯಿಂದ ಶುರು ಮಾಡಿ, 60 ಕೆಜಿಗೆ 1500. ಅನ್ನ ಚಪಾತಿ ಮೂರನೇ ಒಂದು ಭಾಗ ಇಳಿಸಿ, ಆ ಜಾಗಕ್ಕೆ ತರಕಾರಿ. ತುಪ್ಪ ದಿನಕ್ಕೆ ಎರಡು ಚಹಾ ಚಮಚ ಸಾಕು. ಪ್ರೋಟೀನ್ ಮಾತ್ರ ಮುಟ್ಟಬೇಡಿ. ಉಪವಾಸ ಮಾಡಿಸಿ ತೂಕ ಇಳಿಸುವ ಕಾಲ ಇದಲ್ಲ, ಆಗ ಮೊದಲು ಹೋಗುವುದು ಸ್ನಾಯುವೇ.

ಎಲ್ಲವೂ ಇಳಿಯುತ್ತಿದ್ದರೆ: ಇಲ್ಲಿ ತುಪ್ಪಕ್ಕೆ ಕೆಲಸ ಇದೆ. ಕೆಜಿಗೆ 30 ಕ್ಯಾಲೊರಿಯವರೆಗೆ ಏರಿಸಿ. ದೊಡ್ಡ ತಟ್ಟೆ ನೋಡಿದರೇ ಹಸಿವು ಓಡಿಹೋಗುತ್ತದೆ, ಸಣ್ಣ ತಟ್ಟೆಯಲ್ಲಿ ಆರು ಸಲ ಕೊಡಿ. ಗಂಜಿಗೆ ಹೆಸರುಬೇಳೆ, ಹಾಲಿನ ಪುಡಿ ಸೇರಿಸಿ. ಊಟಕ್ಕೆ ಮುಂಚೆ ನೀರು, ಚಹಾ ಬೇಡ, ಹೊಟ್ಟೆ ತುಂಬಿಬಿಡುತ್ತದೆ. ನೋವಿನ ಮಾತ್ರೆಯ ಹೊತ್ತನ್ನು ಊಟಕ್ಕೆ ಹೊಂದಿಸಬಹುದಾ ಎಂದು ಡಾಕ್ಟರನ್ನು ಕೇಳಿ. ಮನೆಯವರೆಲ್ಲ ರಾತ್ರಿ ಊಟ ಅವರ ಮಂಚದ ಪಕ್ಕದಲ್ಲೇ ಮಾಡಿ. ಒಬ್ಬರೇ ಗೋಡೆ ನೋಡಿಕೊಂಡು ಉಣ್ಣುವುದು ಯಾರಿಗೆ ಸೇರುತ್ತದೆ? ಅಳು, ಮೌನ, ಯಾವುದೂ ಬೇಡ ಎನ್ನುವುದು ಎರಡು ವಾರ ದಾಟಿದರೆ ಅದು ಅಡುಗೆಯ ತಪ್ಪಲ್ಲ, ಮನಸ್ಸಿನ ಡಾಕ್ಟರ್ ಬೇಕಾಗಬಹುದು.

ಐದಾರು ದಿನ ಹೆಚ್ಚುಕಡಿಮೆ ಏನೂ ತಿನ್ನದೆ ಇದ್ದವರಿಗೆ ಮಾತ್ರ ಒಮ್ಮೆಲೇ ಹೊಟ್ಟೆ ತುಂಬ ಕೊಡಬೇಡಿ. ರಕ್ತದ ಲವಣಗಳು ಏರುಪೇರಾಗಿ ಪ್ರಾಣಕ್ಕೇ ತೊಂದರೆಯಾಗಬಹುದು. ಅದು ಡಾಕ್ಟರ ಕಣ್ಣೆದುರೇ ಆಗಬೇಕು.

8. ಕೈಕಾಲು ಆಡದಿದ್ದರೆ ಪ್ರೋಟೀನ್ ದಂಡ

ಫಿಸಿಯೋ ತೋರಿಸಿದ್ದನ್ನೇ ಮಾಡಿಸಿ. ಸಾಮಾನ್ಯವಾಗಿ ಪಾದ ಮೇಲೆ ಕೆಳಗೆ ಆಡಿಸುವುದು, ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು ಒತ್ತಿ ಐದು ಎಣಿಸುವುದು, ಅರ್ಧ ಲೀಟರ್ ನೀರಿನ ಬಾಟ್ಲಿ ಎತ್ತಿ ಇಳಿಸುವುದು. ದಿನಕ್ಕೆ ಮೂರು ಸಲ, ಊಟಕ್ಕೆ ಅರ್ಧ ಗಂಟೆ ಮುಂಚೆ. ಹಸಿವೂ ಸ್ವಲ್ಪ ಬರುತ್ತದೆ.

ಮಲಗಿದಾಗ ಮೂಳೆಯಿಂದ ಕ್ಯಾಲ್ಸಿಯಂ ಮೂತ್ರಕ್ಕೆ ಹೋಗುತ್ತದೆ ಎನ್ನುವುದು ನಿಜ. ಹಾಗೆಂದು ಮೆಡಿಕಲ್‌ನಿಂದ ಮಾತ್ರೆ ತಂದು ನುಂಗಿಸಬೇಡಿ, ಕಿಡ್ನಿ ಕಲ್ಲು ಬರಬಹುದು. ಬರೆದುಕೊಟ್ಟಿದ್ದರೆ ಮಾತ್ರ.

9. ಕಾಯದೆ ಫೋನ್ ಮಾಡಬೇಕಾದ ಗುರುತುಗಳು

ಒಂದೇ ಕಾಲು ಊದಿ, ಬಿಸಿಯಾಗಿ, ಮೀನಖಂಡ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಆ ಕಾಲನ್ನು ತಿಕ್ಕಬೇಡಿ, ಎಣ್ಣೆ ಹಚ್ಚಬೇಡಿ. ಜತೆಗೆ ಏಕಾಏಕಿ ಉಬ್ಬಸ, ಎದೆನೋವು ಬಂದರೆ 108ಕ್ಕೆ ಕರೆ ಮಾಡಿ. ಮೂರನೇ ಮಹಡಿ, ಲಿಫ್ಟ್ ಇಲ್ಲದ ಬಿಲ್ಡಿಂಗ್ ಆದರೆ ಇಳಿಸಲು ಯಾರನ್ನು ಕರೆಯಬೇಕು ಎಂದು ಇವತ್ತೇ ಬರೆದಿಟ್ಟುಕೊಳ್ಳಿ.

ಬೆನ್ನ ಕೆಳಗೆ, ಹಿಮ್ಮಡಿಯಲ್ಲಿ ಒತ್ತಿದರೂ ಮಾಯವಾಗದ ಕೆಂಪು ಅಥವಾ ಕಪ್ಪು ಕಲೆ ಹಾಸಿಗೆ ಹುಣ್ಣಿನ ಶುರು. ಪ್ರೋಟೀನ್ ಸಾಲದಿದ್ದರೆ ಅದು ಮಾಯುವುದೇ ಇಲ್ಲ. ಎರಡೆರಡು ಗಂಟೆಗೆ ಮಗ್ಗುಲು ಬದಲಿಸಿ.

ಶುಗರ್ ಇರುವವರಿಗೆ ಎರಡೂ ಕಡೆ ಅಪಾಯ. ಮಲಗಿದ್ದರಿಂದ ಶುಗರ್ ಏರುತ್ತದೆ. ಊಟ ಬಿಟ್ಟು ಮಾತ್ರೆ ಮಾತ್ರ ನುಂಗಿದರೆ ಕುಸಿಯುತ್ತದೆ. ಬೆವರು, ನಡುಕ, ಮಾತು ತೊದಲುವುದು ಕಂಡರೆ ಎಚ್ಚರ ಇರುವಾಗಲೇ ಸಕ್ಕರೆ ನೀರು ಕೊಡಿ, ಆಮೇಲೆ ಶುಗರ್ ನೋಡಿ. ಎರಡು ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಅದು ಕೊಬ್ಬಲ್ಲ, ನೀರು. ಹೃದಯದ ತೊಂದರೆ ಇದ್ದವರು ಅವತ್ತೇ ಡಾಕ್ಟರಿಗೆ ಹೇಳಬೇಕು.

10. ಎದ್ದು ನಿಂತ ಮೇಲಿನ ತಿಂಗಳು

ವಾಕರ್ ಹಿಡಿದ ದಿನ ಎಲ್ಲರೂ ನೋಟ್‌ಬುಕ್ ಮುಚ್ಚಿಡುತ್ತಾರೆ. ಮುಚ್ಚಬೇಡಿ. ಮೊದಲ ದಿನಗಳಲ್ಲಿ ಎದ್ದಾಗ ತಲೆ ಸುತ್ತುತ್ತದೆ, ಮಂಚದ ಅಂಚಿನಲ್ಲಿ ಐದು ನಿಮಿಷ ಕೂರಿಸಿ ಆಮೇಲೆ ನಿಲ್ಲಿಸಿ. ಹಸಿವು ಜೋರಾಗಿ ಬರುತ್ತದೆ. 'ಏರಿದ ತೂಕ ಇಳಿಸೋಣ' ಎಂದು ಆಗ ಊಟ ಕತ್ತರಿಸಬೇಡಿ, ಸ್ನಾಯು ವಾಪಸ್ ಕಟ್ಟಿಕೊಳ್ಳುವುದು ಈಗಲೇ. ಪ್ರೋಟೀನ್ ಹಾಗೇ ಇರಲಿ, ಅನ್ನವನ್ನು ನಡಿಗೆ ಜಾಸ್ತಿಯಾದ ಹಾಗೆ ಏರಿಸಿ. ಮಲಗಿದ್ದ ದಿನಗಳಿಗಿಂತ ಚೇತರಿಕೆಯ ದಿನಗಳು ಉದ್ದ ಇರುತ್ತವೆ, ನನ್ನ ಎಡತೊಡೆ ಬಲತೊಡೆಯ ಅಳತೆಗೆ ಬರಲು ಐದು ತಿಂಗಳು ಹಿಡಿಯಿತು.

ಕಾಕು ಕೊಟ್ಟ ಲಾಡು ಡಬ್ಬಿಯನ್ನು ಆಗ ತೆಗೆಯಬಹುದು. ದಿನಕ್ಕೆ ಅರ್ಧ, ಫಿಸಿಯೋ ಮುಗಿಸಿ ಬಂದ ಮೇಲೆ, ಒಂದು ಲೋಟ ಹಾಲಿನ ಜೊತೆ.